ನಾಲ್ಕು ತಾಲ್ಲೂಕು, ಒಂದೇ ಗಂಟೆ

ಚನ್ನಗಿರಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾದರೆ ಊರಿಗೆ ಊರೇ ರಾತ್ರಿ ಮಲಗುವುದಿಲ್ಲ. ಸುಲಿಯುವ ಯಂತ್ರಗಳ ಗರಗರ ಸದ್ದು, ಹಂಡೆಗಳ ಕೆಳಗೆ ಉರಿಯುವ ಒಲೆ, ಬೆಂದ ಅಡಿಕೆಯ ಒಗರು ಘಮ ತೋಟದಿಂದ ತೋಟಕ್ಕೆ ಹಬ್ಬಿರುತ್ತದೆ. ಬೆಳಗಾಗುವ ಹೊತ್ತಿಗೆ ಕಣದಲ್ಲಿ, ತಾರಸಿಯ ಮೇಲೆ, ರಸ್ತೆಯ ಅಂಚಿನಲ್ಲಿ ಕೆಂಪು ರಾಶಿ ಹರಡಿಕೊಂಡಿರುತ್ತದೆ. ಆ ರಾಶಿಗಳ ಪಕ್ಕದಲ್ಲೇ ಒಂಬತ್ತೂವರೆಯ ಹೊತ್ತಿಗೆ ಹೈಸ್ಕೂಲು ಮಕ್ಕಳು ಹೊರಡುತ್ತಾರೆ. ಬೆನ್ನಿಗೆ ಚೀಲ, ಕೈಯಲ್ಲಿ ನೀರಿನ ಬಾಟಲಿ, ಹಲವರ ಬೆರಳ ತುದಿಯಲ್ಲಿ ಎಷ್ಟು ಉಜ್ಜಿದರೂ ಹೋಗದ ಅಡಿಕೆ ಕರೆ. ರಾತ್ರಿ ಹನ್ನೊಂದರವರೆಗೆ ಕಾಯಿ ಆಯ್ದ ಹುಡುಗಿಯೊಬ್ಬಳು ದಾರಿಯುದ್ದಕ್ಕೂ ಗೆಳತಿಗೆ ಆವರ್ತ ಕೋಷ್ಟಕ ಒಪ್ಪಿಸುತ್ತ ನಡೆಯುತ್ತಿದ್ದಳು. ಅವಳ ಹಿಂದೆ ಹೆಜ್ಜೆ ಹಾಕುತ್ತಲೇ ನನ್ನ ಪ್ರವಾಸ ಸರಿಯಾದ ದಾರಿ ಹಿಡಿಯಿತು ಅನ್ನಿಸಿತು.

ದಾವಣಗೆರೆ ಜಿಲ್ಲೆಯ ಈ ಭಾಗಕ್ಕೆ ಬರುವವರು ಸೂಳೆಕೆರೆ ನೋಡಲು ಬರುತ್ತಾರೆ, ಸಂತೆಬೆನ್ನೂರಿನ ಪುಷ್ಕರಣಿಗೆ ಬರುತ್ತಾರೆ, ಹೊದಿಗೆರೆಯಲ್ಲಿ ಶಿವಾಜಿಯ ತಂದೆ ಶಹಾಜಿಯ ಸಮಾಧಿಗೆ ಕೈಮುಗಿದು ಹೋಗುತ್ತಾರೆ. ನಾನು ಬಂದದ್ದು ಸರ್ಕಾರಿ ಪ್ರೌಢಶಾಲೆಗಳನ್ನು ನೋಡಲು. ಎಂಟು, ಒಂಬತ್ತು, ಹತ್ತು; ಮೂರೇ ತರಗತಿ, ನೂರರ ಆಸುಪಾಸು ಮಕ್ಕಳು, ಆರೇಳು ಮಂದಿ ಮೇಷ್ಟರು. ಹೆದ್ದಾರಿಯಲ್ಲಿ ಹೋಗುವ ಯಾರೂ ಕಾರು ನಿಲ್ಲಿಸಿ ನೋಡದ ಹಳದಿ ಬಣ್ಣದ ಕಟ್ಟಡಗಳು ಅವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡಬಹುದಾದರೂ ಈ ನಾಲ್ಕರ ನೆಲ ಒಂದೇ ಅಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟಿದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯ ಮಡಿಲಿನಿಂದ ಎದ್ದು ತಾನೇ ಒಂದು ತಾಲ್ಲೂಕಾಯಿತು. ಒಂದು ಕಡೆ ಭದ್ರಾ ನಾಲೆಯ ನೀರು ಕುಡಿದ ಅಡಿಕೆ ತೋಟ, ಇನ್ನೊಂದು ಕಡೆ ಮಳೆಗಾಗಿ ಮುಗಿಲು ನೋಡುವ ಮೆಕ್ಕೆಜೋಳದ ಹೊಲ. ಇಷ್ಟು ಬೇರೆಬೇರೆ ನೆಲದ ಮೇಲೆ ಬೆಳಗ್ಗೆ ಹತ್ತಕ್ಕೆ ಒಂದೇ ಗಂಟೆ ಬಾರಿಸುತ್ತದೆ, ಒಂದೇ ಪುಸ್ತಕ ತೆರೆದುಕೊಳ್ಳುತ್ತದೆ. ಇದನ್ನು ನಾವು ಯಾರೂ ವಿಸ್ಮಯವೆಂದು ಎಣಿಸಿಯೇ ಇಲ್ಲವಲ್ಲ ಎಂಬುದೇ ನನ್ನನ್ನು ದಾರಿಯುದ್ದಕ್ಕೂ ಕಾಡಿದ ಸಂಗತಿ.

ಚನ್ನಗಿರಿಯ ಆ ಹಳ್ಳಿಯ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿಯಲು ಇಪ್ಪತ್ತು ನಿಮಿಷ ಹಿಡಿಯಿತು. ನಾಡಗೀತೆ, ಸಂವಿಧಾನದ ಪೀಠಿಕೆ, ಪತ್ರಿಕೆಯ ಮುಖ್ಯ ಸುದ್ದಿ, ದಿನಕ್ಕೊಂದು ಮಾತು. ಪೀಠಿಕೆ ಓದಿಸಿದ ಎಂಟನೇ ಕ್ಲಾಸಿನ ಹುಡುಗ ಕಾಗದ ನೋಡಲಿಲ್ಲ. ಉದ್ದದ ವಾಕ್ಯ ಅದು, ದೊಡ್ಡವರೂ ನಡುವೆ ಉಸಿರು ತಪ್ಪುತ್ತಾರೆ. ಇವನು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಏರಿಸಬೇಕೋ ಅಲ್ಲಿ ದನಿ ಏರಿಸಿ ಹೇಳಿಕೊಟ್ಟ, ಇಡೀ ಶಾಲೆ ಹಿಂದಿನಿಂದ ಹೇಳಿತು. ಇದೇ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಶಿವಮೊಗ್ಗದಿಂದ ಲೋಕಸಭೆಗೆ ಆಯ್ಕೆಯಾಗಿ, ಆ ಸಭೆಯಲ್ಲಿ ಮೊಟ್ಟಮೊದಲು ಕನ್ನಡದಲ್ಲಿ ಮಾತನಾಡಿದವರು. ಆಮೇಲೆ ಮುಖ್ಯಮಂತ್ರಿಯಾದರು, ದಾವಣಗೆರೆ ಜಿಲ್ಲೆ ಆದದ್ದೂ ಅವರ ಕಾಲದಲ್ಲೇ. ಆ ಹುಡುಗನ ದನಿ ಕೇಳುವಾಗ ನನಗೆ ಪಟೇಲರ ನೆನಪಾದದ್ದು ಸಹಜ. ಈ ಮಣ್ಣಿನಲ್ಲಿ ಅಳುಕಿಲ್ಲದೆ ನಿಂತು ಮಾತಾಡುವ ಗುಣ ಇದೆ.

ಪ್ರಾರ್ಥನೆಯ ಬೆನ್ನಿಗೆ ಹಾಲು. ಕ್ಷೀರಭಾಗ್ಯ ಶುರುವಾದದ್ದು 2013ರ ಆಗಸ್ಟಿನಲ್ಲಿ, ತಲೆಗೆ 150 ಮಿಲಿಲೀಟರ್. ಈಗ ಆ ಹಾಲಿಗೆ ರಾಗಿ ಮಾಲ್ಟ್ ಸೇರುತ್ತದೆ, 2024ರಿಂದ ವಾರದ ಆರೂ ದಿನ ಮೊಟ್ಟೆ ಸಿಗುತ್ತದೆ, ಬೇಡವೆಂದವರಿಗೆ ಬಾಳೆಹಣ್ಣು. ಲೆಕ್ಕದಲ್ಲಿ ಓದಿದರೆ ಇದೊಂದು ಯೋಜನೆ. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ ಬೇರೆಯದೇ ಕಾಣುತ್ತದೆ. ಅಡುಗೆಯವರು ಇಬ್ಬರು ಹೆಂಗಸರು, ಎಂಟು ಗಂಟೆಗೇ ಬಂದು ಒಲೆ ಹಚ್ಚಿದ್ದರು. ಲೋಟ ಹಿಡಿದು ಬರುವ ಒಬ್ಬೊಬ್ಬರ ಹೆಸರೂ ಅವರಿಗೆ ಗೊತ್ತು. ಕೊಯ್ಲಿನ ಕಾಲದಲ್ಲಿ ಯಾವ ಮನೆಯಲ್ಲಿ ಬೆಳಗ್ಗೆ ಒಲೆ ಉರಿದಿಲ್ಲ ಎಂಬುದೂ ಗೊತ್ತು. ಅಂಥ ಮನೆಯ ಹುಡುಗನ ಲೋಟ ಎರಡನೇ ಸಲ ತುಂಬಿತು. ಅವನು ಕೇಳಿರಲಿಲ್ಲ, ಅವರು ಹೇಳಲೂ ಇಲ್ಲ. ಸರ್ಕಾರದ ಯಾವ ಆದೇಶದಲ್ಲೂ ಬರೆಯಲಾಗದ ಭಾಗ ಇದು, ಶಾಲೆ ನಡೆಯುವುದು ಮುಕ್ಕಾಲು ಪಾಲು ಇದರಿಂದಲೇ ಎಂದು ನಾನು ನಂಬುತ್ತೇನೆ.

ಎರಡನೇ ಪೀರಿಯಡ್ಡಿನಲ್ಲಿ ಹತ್ತನೇ ಕ್ಲಾಸಿಗೆ ವಿಜ್ಞಾನ. ಮೇಡಂ ಹಿಂದಿನ ದಿನವೇ ಮಕ್ಕಳಿಗೆ ಮನೆಯಿಂದ ಚೊಗರು ತರಲು ಹೇಳಿದ್ದರು. ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸ ಚೊಗರು. ಅಡಿಕೆಗೆ ಬಣ್ಣ ಕೊಡಲು ಅದನ್ನು ಜೋಪಾನ ಮಾಡಿಡುತ್ತಾರೆ, ಈ ಸೀಮೆಯಲ್ಲಿ ಅದನ್ನು ಕಾಣದ ಮನೆ ಕಡಿಮೆ. ಇನ್ನೊಂದು ಬಾಟಲಿಯಲ್ಲಿ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರಿನಲ್ಲಿ ನೆನೆಸಿಟ್ಟ ನೀರು. ಪ್ರಯೋಗಾಲಯ ಅಂತ ಬೇರೆ ಕೋಣೆ ಇರಲಿಲ್ಲ, ಕಿಟಕಿಯ ಕಟ್ಟೆಯೇ ಮೇಜು. ಮೇಡಂ ನೀರು ಬೆರೆಸಿ ತೆಳುವಾಗಿಸಿದ ಚೊಗರಿಗೆ ಆ ಕಬ್ಬಿಣದ ನೀರನ್ನು ಹನಿಹನಿಯಾಗಿ ಬಿಟ್ಟರು. ಕೆಂಪು ಮಾಯವಾಗಿ ಗಾಜಿನ ಲೋಟದಲ್ಲಿ ಹಸಿರು ಮಿಶ್ರಿತ ಕಡುಗಪ್ಪು ಎದ್ದು ಬಂತು. ಹಿಂದಿನ ಬೆಂಚಿನವರು ಬೆಂಚು ಹತ್ತಿ ನಿಂತರು. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಲವಣದ ಜತೆ ಸೇರಿದಾಗ ಆಗುವ ಬಣ್ಣ ಅದು. ಯುರೋಪಿನಲ್ಲಿ ಶತಮಾನಗಳ ಕಾಲ ಮಸಿ ತಯಾರಾದದ್ದು ಇದೇ ವಿದ್ಯೆಯಿಂದ, ಅಲ್ಲಿ ಓಕ್ ಮರದ ಗಂಟುಗಳಿಂದ ಟ್ಯಾನಿನ್ ತೆಗೆಯುತ್ತಿದ್ದರು ಎಂದು ಮೇಡಂ ವಿವರಿಸಿದರು. ಒಬ್ಬ ಹುಡುಗ ಕಡ್ಡಿ ಅದ್ದಿ ಹಾಳೆಯ ಮೇಲೆ ತನ್ನ ಊರಿನ ಹೆಸರು ಬರೆದ. ಒಣಗಿದಂತೆಲ್ಲ ಅಕ್ಷರ ಇನ್ನೂ ಕಪ್ಪಾಯಿತು. ಕತ್ತಿಗೆ ಕಲೆಯಾಗುವುದೂ ಇದಕ್ಕೇನಾ ಮೇಡಂ ಎಂದು ಒಬ್ಬಳು ಕೇಳಿದಳು. ಅಡಿಕೆ ಸುಲಿಯುವ ಕತ್ತಿ ಕಪ್ಪಾಗುವುದನ್ನು ಅವಳ ಅಜ್ಜಿ ನೋಡಿದ್ದಾಳೆ, ಅಮ್ಮ ನೋಡಿದ್ದಾಳೆ. ಅದಕ್ಕೆ ಕಾರಣವೊಂದಿದೆ ಎಂದು ಆ ಮನೆಯಲ್ಲಿ ಮೊದಲು ತಿಳಿದವಳು ಈ ಹದಿನೈದರ ಹುಡುಗಿ. ಅವಳು ಆ ದಿನ ಮನೆಗೆ ಹೋಗಿ ಏನು ಹೇಳಿರಬಹುದೆಂದು ನಾನು ಈಗಲೂ ಊಹಿಸುತ್ತಿರುತ್ತೇನೆ.

ಮಧ್ಯಾಹ್ನದ ಮೇಲೆ ಸಂತೆಬೆನ್ನೂರಿಗೆ ಹೋದೆ. ಹದಿನಾರನೇ ಶತಮಾನದಲ್ಲಿ ಪಾಳೆಯಗಾರ ಕೆಂಗ ಹನುಮಂತ ನಾಯಕ ಕಟ್ಟಿಸಿದ ಪುಷ್ಕರಣಿ, ನಡುನೀರಿನಲ್ಲಿ ವಸಂತ ಮಂಟಪ, ನಾಲ್ಕೂ ಕಡೆ ಇಳಿಯುವ ಕಲ್ಲಿನ ಮೆಟ್ಟಿಲು. ಬೇರೊಂದು ಶಾಲೆಯ ಒಂಬತ್ತನೇ ಕ್ಲಾಸು ಅಲ್ಲಿಗೇ ಹೊರಸಂಚಾರ ಬಂದಿತ್ತು. ಸಮಾಜ ವಿಜ್ಞಾನದ ಮೇಷ್ಟರು ಪಾಳೆಯಗಾರರ ಕತೆ ಹೇಳುತ್ತಿದ್ದರೆ ಮೂವರು ಹುಡುಗಿಯರು ಮೆಲ್ಲಗೆ ಗುಂಪಿನಿಂದ ಜಾರಿ, ಮೆಟ್ಟಿಲುಗಳನ್ನು ಎಣಿಸುತ್ತ ಇಳಿಯುತ್ತಿದ್ದರು. ಪ್ರತಿ ಸಾಲಿನಲ್ಲೂ ಕಲ್ಲು ಎಷ್ಟೆಷ್ಟು ಕಡಿಮೆಯಾಗುತ್ತದೆಂದು ಅವರಿಗೆ ನೋಡಬೇಕಿತ್ತು. ಸಮಾಂತರ ಶ್ರೇಢಿ ಹತ್ತನೇ ಕ್ಲಾಸಿನ ಪಾಠ, ಇವರು ಇನ್ನೂ ಒಂಬತ್ತು. ಮುಂದಿನ ವರ್ಷದ ಲೆಕ್ಕ ಅವರ ಕಾಲಿಗೆ ಈಗಲೇ ಸಿಕ್ಕಿಬಿಟ್ಟಿತ್ತು.

ಸೂಳೆಕೆರೆಯನ್ನು ನಾನು ನೋಡಿದ್ದು ಸಂಜೆ, ಏರಿಯ ಮೇಲಿನಿಂದ. ಈ ಕೆರೆ ಕಟ್ಟಿಸಿದಳೆನ್ನುವ ಶಾಂತವ್ವನ ಕತೆಯನ್ನು ಈ ಸೀಮೆಯಲ್ಲಿ ಹೇಳದ ಅಜ್ಜಿ ಇಲ್ಲ. ಕೆರೆಗೆ ಶಾಂತಿಸಾಗರವೆಂಬ ಇನ್ನೊಂದು ಹೆಸರೂ ಇದೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಎಂದು ಇಲ್ಲಿನ ಮಕ್ಕಳು ಹೆಮ್ಮೆಯಿಂದ ಹೇಳುತ್ತಾರೆ. ಎರಡು ಗುಡ್ಡಗಳ ನಡುವಿನ ಕಿರಿದಾದ ಸಂದಿಗೆ ಏರಿ ಹಾಕಿ ಇಷ್ಟು ದೊಡ್ಡ ನೀರನ್ನು ಹಿಡಿದವರ ಲೆಕ್ಕಾಚಾರ ನಿಜಕ್ಕೂ ಅಸಾಮಾನ್ಯ. ಆದರೂ ಅಲ್ಲಿ ನಿಂತಾಗ ನನ್ನ ಮನಸ್ಸು ಚೊಗರಿನ ಲೋಟದಲ್ಲೇ ಇತ್ತು.

ಹೊನ್ನಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಕೂಡ್ಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಇಳಿದು ಬರುವ ಹೊಳೆ ಊರಿನ ಪಕ್ಕದಲ್ಲೇ ಹರಿಯುತ್ತದೆ, ಮಳೆಗಾಲದಲ್ಲಿ ತಗ್ಗಿನ ಬೀದಿಗಳ ಬಾಗಿಲಿಗೇ ಬರುತ್ತದೆ. ಮೇಷ್ಟರ ಮಗನಾಗಿ ಅಪ್ಪನ ವರ್ಗಾವಣೆಯ ಬೆನ್ನಿಗೆ ಊರೂರು ಸುತ್ತಿದ ಜಿ.ಎಸ್. ಶಿವರುದ್ರಪ್ಪನವರ ಬಾಲ್ಯದ ಓದಿನಲ್ಲಿ ಈ ಹೊನ್ನಾಳಿಯೂ ಸೇರಿದೆ. ಅವರ ‘ಸಂಕಲ್ಪಗೀತೆ’ ಈಗ ಹತ್ತನೇ ಕ್ಲಾಸಿನ ಕನ್ನಡ ಪುಸ್ತಕದಲ್ಲಿದೆ. ಒಂದು ಕಾಲಕ್ಕೆ ಈ ಬೀದಿಗಳಲ್ಲಿ ಸ್ಲೇಟು ಹಿಡಿದು ನಡೆದ ಹುಡುಗ ರಾಷ್ಟ್ರಕವಿಯಾಗಿ ಇದೇ ಊರಿನ ಮಕ್ಕಳ ಬಾಯಿಗೆ ಪಾಠವಾಗಿ ಮರಳಿದ್ದಾನೆ. ನಾನು ಹೋದ ತರಗತಿಯಲ್ಲಿ ಆ ಪದ್ಯವನ್ನು ಮಕ್ಕಳು ಹಾಡುತ್ತಲೇ ಕಲಿತಿದ್ದರು. ಬಾಯಿಪಾಠದ ಒಣ ದನಿ ಎಲ್ಲೂ ಕೇಳಲಿಲ್ಲ. ದೀಪಾವಳಿಯ ಮೇಲೆ ಹೋರಿ ಬೆದರಿಸುವ ಸ್ಪರ್ಧೆಗಳ ಹುಮ್ಮಸ್ಸು ಇನ್ನೂ ಇಳಿಯದ ದಿನಗಳು ಅವು. ಕೊಬ್ಬರಿ ಕಟ್ಟಿದ ಹೋರಿಯ ಹಿಂದೆ ಓಡಿ ಮೊಣಕಾಲು ತರಚಿಕೊಂಡ ಇಬ್ಬರು ಹುಡುಗರು ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದರು.

ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ ಬಸ್ ನಿಲ್ದಾಣದಲ್ಲಿ ಒಂದು ದೃಶ್ಯ ನನ್ನನ್ನು ನಿಲ್ಲಿಸಿತು. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹುಡುಗರಿಗೆ ಪಾಸು ಇದೆ. ಆದರೆ ಈ ಜಿಲ್ಲೆಯ ಎಷ್ಟೋ ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ಎರಡೂ ನಡೆಯುವುದಿಲ್ಲ. ಹಾಗಾಗಿ ಮಕ್ಕಳ ತಲೆಯಲ್ಲಿ ಇಡೀ ತಾಲ್ಲೂಕಿನ ಬಸ್ ವೇಳಾಪಟ್ಟಿ ಅಚ್ಚೊತ್ತಿರುತ್ತದೆ. ಯಾವ ಕೆಂಪು ಬಸ್ಸು ಎಷ್ಟು ಹೊತ್ತಿಗೆ, ಯಾವ ಕಂಡಕ್ಟರು ಕೈ ತೋರಿಸಿದರೆ ನಿಲ್ಲಿಸುತ್ತಾರೆ, ಯಾವ ದಿನ ಸಂತೆಯ ಗದ್ದಲ, ಎಲ್ಲ ಗೊತ್ತು. ಹಿಂದೆ ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡುತ್ತಿತ್ತು, 2006ರಲ್ಲಿ ಶುರುವಾದ ಆ ಯೋಜನೆ ಕೋವಿಡ್ ಬಂದ ಮೇಲೆ ನಿಂತಿದೆ. ಅಕ್ಕನಿಗೆ ಬಂದ ಸೈಕಲನ್ನು ಈಗ ತಮ್ಮ ತುಳಿಯುತ್ತಿದ್ದ, ಕ್ಯಾರಿಯರಿನ ಮೇಲೆ ಪಕ್ಕದ ಮನೆಯ ಹುಡುಗ. ಆ ಸೈಕಲ್ ಮತ್ತೆ ಬರಬೇಕು. ಹದಿಮೂರರ ಹುಡುಗಿಗೆ ತನ್ನದೇ ಒಂದು ಗಾಡಿ ಇದೆ ಎಂಬ ಧೈರ್ಯ ಕೊಡುವ ಶಕ್ತಿ ಬೇರಾವುದಕ್ಕೂ ಇಲ್ಲ ಎಂದು ಅಲ್ಲಿನ ಮುಖ್ಯಶಿಕ್ಷಕಿ ಹೇಳಿದ ಮಾತಿಗೆ ನನ್ನದೂ ಸಹಿ ಇದೆ.

ನ್ಯಾಮತಿಯ ಕಡೆ ಹೋದಂತೆ ಮಲೆನಾಡಿನ ಸೆರಗು ಕಾಣಿಸುತ್ತದೆ, ಸವಳಂಗದತ್ತ ನೆಲ ಏರಿಳಿಯುತ್ತದೆ. ಗುಡ್ಡದ ಮಗ್ಗುಲಲ್ಲಿ ತಾಂಡಾಗಳು. ಸೂರಗೊಂಡನಕೊಪ್ಪ ಇಲ್ಲೇ ಇದೆ. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ದೇಶದ ಬಂಜಾರರೆಲ್ಲ ಪೂಜಿಸುವ ಊರು. ಫೆಬ್ರುವರಿಯ ಜಾತ್ರೆಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ಜನ ಹರಿದುಬರುತ್ತಾರೆ. ಅದೇ ಹೊತ್ತಿಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಪರೀಕ್ಷೆಯ ತಯಾರಿಯೂ ಜೋರು. ಒಂದು ತಾಂಡಾದ ಹುಡುಗಿ ನನಗೆ ಲೆಕ್ಕ ಒಪ್ಪಿಸಿದಳು: ಜಾತ್ರೆಯ ಮೂರು ದಿನ ಮನೆತುಂಬ ನೆಂಟರು, ಅಡುಗೆ, ಹಾಡು, ಕುಣಿತ, ಅದಕ್ಕೆ ಸಮಾಜ ವಿಜ್ಞಾನವನ್ನು ಜನವರಿಯೊಳಗೇ ಮುಗಿಸಬೇಕು. ಹಬ್ಬವನ್ನು ಬಿಡುವ ಯೋಚನೆ ಅವಳಿಗಿರಲಿಲ್ಲ, ಓದನ್ನು ಬಿಡುವ ಯೋಚನೆಯೂ ಇರಲಿಲ್ಲ.

ಅವಳ ಮನೆಯ ಮಾತು ಲಂಬಾಣಿ. ಶಾಲೆಯಲ್ಲಿ ಪ್ರಥಮ ಭಾಷೆ ಕನ್ನಡ, ದ್ವಿತೀಯ ಇಂಗ್ಲಿಷ್, ತೃತೀಯ ಹಿಂದಿ. ಅಂದರೆ ಮೊದಲ ಭಾಷೆ ಎಂದು ಅಂಕಪಟ್ಟಿ ಕರೆಯುವುದು ಅವಳಿಗೆ ಎರಡನೆಯದು, ಮೂರನೆಯದೆಂದರೆ ನಾಲ್ಕನೆಯದು. ಅವಳು ನನ್ನೊಡನೆ ಕನ್ನಡದಲ್ಲಿ, ಅಜ್ಜಿಯೊಡನೆ ಲಂಬಾಣಿಯಲ್ಲಿ, ಫೋನಿನಲ್ಲಿ ಪುಣೆಯ ಸೋದರಮಾವನೊಡನೆ ಹಿಂದಿಯಲ್ಲಿ ಮಾತಾಡಿದಳು. ಒಂದರಿಂದ ಇನ್ನೊಂದಕ್ಕೆ ಹೊರಳುವಾಗ ಕಣ್ಣೂ ಮಿಟುಕಿಸಲಿಲ್ಲ. ಅಜ್ಜಿ ಕನ್ನಡಿ ಕೂರಿಸಿದ ಕಸೂತಿಯ ರವಿಕೆ ತೊಟ್ಟು ಹೊಸಿಲ ಮೇಲೆ ಕೂತಿದ್ದರು. ಮೊಮ್ಮಗಳು ಸಂಜೆ ಓದುವಾಗ ಪಾಠವನ್ನು ತಮಗೂ ಲಂಬಾಣಿಯಲ್ಲಿ ಹೇಳಿಸಿಕೊಳ್ಳುತ್ತಾರಂತೆ. ಗೋಕಾಕರ ‘ಲಂಡನ್ ನಗರ’ ಹೀಗೆ ಆ ಜಗುಲಿಯಲ್ಲಿ ಲಂಬಾಣಿಗೆ ಇಳಿದಿದೆ. ಆ ಊರಿನಲ್ಲಿ ಅಷ್ಟೊಂದು ಜನ ಯಾರ ಮುಖವನ್ನೂ ನೋಡದೆ ಓಡಾಡುತ್ತಾರಾ ಎಂದು ಅಜ್ಜಿ ಕೇಳಿದರಂತೆ. ಲಿಪಿಯಿಲ್ಲದ ಮಾತಿನ ಮನೆಗೆ ಲಂಡನ್ನಿನ ಬೀದಿ ಬಂದು ಕೂತದ್ದು ಒಬ್ಬ ಹತ್ತನೇ ಕ್ಲಾಸಿನ ಹುಡುಗಿಯ ದಯೆಯಿಂದ. ಇದನ್ನು ಕೇಳಿದ ಮೇಲೆ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಅವಳ ತಮ್ಮ ಎಂಟನೇ ಕ್ಲಾಸು. ಅವನ ಕೈಯಲ್ಲಿ ಎನ್‌ಎಂಎಂಎಸ್ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಬಡ ಮಕ್ಕಳಿಗಾಗಿ ಎಂಟನೇ ತರಗತಿಯಲ್ಲಿ ನಡೆಯುವ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಅದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಮುಗಿಯುವ ತನಕ ವರ್ಷಕ್ಕೆ 12,000 ರೂಪಾಯಿ. ಎರಡು ಪತ್ರಿಕೆ, ತಲಾ 90 ಪ್ರಶ್ನೆ. ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ಪಾಠದ್ದು. ಅವರ ಗಣಿತದ ಮೇಷ್ಟರು ಭಾನುವಾರವೂ ಬಂದು ಹೇಳಿಕೊಡುತ್ತಾರೆ. ಅವರು ಅತಿಥಿ ಶಿಕ್ಷಕರು, ಗೌರವಧನ ಅಲ್ಪ, ಮುಂದಿನ ಜೂನಿನಲ್ಲಿ ಮತ್ತೆ ಇದೇ ಶಾಲೆಗೆ ಬರುತ್ತಾರೋ ಇಲ್ಲವೋ ಅವರಿಗೇ ಖಾತ್ರಿ ಇಲ್ಲ. ಆದರೂ ಭಾನುವಾರ ಬರುತ್ತಾರೆ. ಅಂಥವರಿಗೆ ಖಾಯಂ ನೆಲೆ ಸಿಗುವ ದಿನ ಬರಲಿ ಎಂದು ಮನಸಾರೆ ಬಯಸುತ್ತೇನೆ.

ಇಲ್ಲಿ ಎಸ್ಸೆಸ್ಸೆಲ್ಸಿಯ ಮಾತು ಹೇಳಲೇಬೇಕು, ಈ ಶಾಲೆಗಳ ಇಡೀ ವರ್ಷ ಅದರ ಸುತ್ತ ಸುತ್ತುತ್ತದೆ. ಒಟ್ಟು 625 ಅಂಕ. ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ 100. ಆ ನೂರರಲ್ಲಿ 80 ಬರವಣಿಗೆ, 20 ಶಾಲೆಯ ಆಂತರಿಕ ಮೌಲ್ಯಮಾಪನ. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂತು, ಮೊದಲನೆಯದರಲ್ಲಿ ಎಡವಿದವರು ಅದೇ ವರ್ಷ ಎದ್ದು ನಿಲ್ಲಬಹುದು. ಅದೇ ವರ್ಷದಿಂದ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಬಂತು. ತಾಲ್ಲೂಕಿನ ಖಜಾನೆಯಲ್ಲಿ ಕಾವಲಿನಲ್ಲಿದ್ದ ಪ್ರಶ್ನೆಪತ್ರಿಕೆ ಪರೀಕ್ಷೆಯ ದಿನ ಬೆಳಗ್ಗೆ ಜೀಪು ಹತ್ತಿ ಕೇಂದ್ರಗಳಿಗೆ ಹೋಗುತ್ತದೆ. ಬೆಂಗಳೂರಿನ ಶಾಲೆಯ ಮಗುವಿಗೂ ಜಗಳೂರಿನ ಹಟ್ಟಿಯ ಮಗುವಿಗೂ ಅದೇ ಪತ್ರಿಕೆ. ಮಳೆ ಹಾಗೆ ಹಂಚಿಕೆಯಾಗುವುದಿಲ್ಲ, ನಾಲೆಯ ನೀರು ಹಂಚಿಕೆಯಾಗುವುದಿಲ್ಲ, ಅಡಿಕೆಯ ರೇಟು ಹಂಚಿಕೆಯಾಗುವುದಿಲ್ಲ. ಪತ್ರಿಕೆಯೇನೋ ಸಮವಾಗಿ ಬರುತ್ತದೆ, ಅದರ ಎದುರು ಕೂರುವ ಮಕ್ಕಳು ಸಮವಾಗಿ ಬಂದಿರುವುದಿಲ್ಲ. ಆ ಅಂತರವನ್ನು ತುಂಬಲು ಡಿಸೆಂಬರಿನಿಂದಲೇ ಬೆಳಗ್ಗೆ ಒಂಬತ್ತರ ವಿಶೇಷ ತರಗತಿ, ಸಂಜೆಯ ಗುಂಪು ಓದು, ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬ ಶಿಕ್ಷಕರು ದತ್ತು ತೆಗೆದುಕೊಳ್ಳುವುದು, ಬೆಳಗಿನ ಐದಕ್ಕೆ ಫೋನು ಮಾಡಿ ಎಬ್ಬಿಸುವುದು. ಇವೆಲ್ಲ ಬರೀ ಅಂಕದ ಹುಚ್ಚೆಂದು ದೂರುವವರನ್ನು ನಾನು ಬಲ್ಲೆ. ಕತ್ತಲಲ್ಲಿ ಫೋನು ಎತ್ತಿ ‘ಎದ್ದೀನಿ ಮೇಡಂ’ ಎನ್ನುವ ಹುಡುಗನ ದನಿಯನ್ನು ಅವರು ಒಮ್ಮೆ ಕೇಳಬೇಕು. ತನ್ನನ್ನು ಒಬ್ಬರು ನೆನಪಿಟ್ಟು ಎಬ್ಬಿಸುತ್ತಾರೆಂಬ ಖುಷಿ ಅದರಲ್ಲಿರುತ್ತದೆ.

ದಾವಣಗೆರೆ ದಾಟಿ ಜಗಳೂರಿನ ಕಡೆ ಹೊರಳಿದ ಮೇಲೆ ಹಸಿರು ತೆಳುವಾಗುತ್ತ ಹೋಗುತ್ತದೆ. ಬಿಳಿಚೋಡು, ಸೊಕ್ಕೆ ಹೋಬಳಿಗಳ ಹೊಲಗಳಲ್ಲಿ ಮೆಕ್ಕೆಜೋಳದ ಒಣ ದಂಟು, ಶೇಂಗಾ ಕಿತ್ತ ಕೆಂಪು ಮಣ್ಣು, ಅಲ್ಲಲ್ಲಿ ಈರುಳ್ಳಿ. ಬಯಲಿನ ಅಂಚಿನಲ್ಲಿ ಗಾಳಿಯಂತ್ರಗಳ ಸಾಲು. ಬರಕ್ಕೆ ಹೆಸರಾದ ಈ ತಾಲ್ಲೂಕಿಗೆ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂದಿದೆ. ಹೊನ್ನಾಳಿಯ ಪಕ್ಕದಲ್ಲಿ ಹರಿಯುವುದನ್ನು ನೋಡಿದ್ದ ಅದೇ ಹೊಳೆಯ ನೀರು ಕೊಳವೆಯಲ್ಲಿ ಇಲ್ಲಿಗೆ ಏರಿ ಬರುತ್ತದೆಂದರೆ ನನಗೆ ಮೈನವಿರೇಳುತ್ತದೆ.

ಕೊಯ್ಲು ಮುಗಿದ ಮೇಲೆ ಇಲ್ಲಿನ ಕೆಲವು ಹಟ್ಟಿ, ತಾಂಡಾಗಳಿಂದ ಕುಟುಂಬಗಳು ಕಾಫಿ ಕೊಯ್ಯಲು ಮಲೆನಾಡಿಗೆ ಹೋಗುತ್ತವೆ. ಹೋಗುವಾಗ ಮಕ್ಕಳನ್ನೂ ಕರೆದೊಯ್ದರೆ ಹತ್ತನೇ ಕ್ಲಾಸಿನ ನಡು ಮುರಿಯುತ್ತದೆ. ನಾನು ಹೋದ ಶಾಲೆಯ ಮುಖ್ಯಶಿಕ್ಷಕರು ಆ ತಿಂಗಳಿಡೀ ಸಂಜೆ ಮೋಟಾರ್‌ಸೈಕಲ್ ಹತ್ತಿ ಮನೆಮನೆ ಸುತ್ತುತ್ತಿದ್ದರು. ಒಂದು ಸಂಜೆ ನಾನೂ ಹಿಂದಿನ ಸೀಟಿನಲ್ಲಿ ಕೂತೆ. ಒಂದು ಮನೆಯಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಮೇಷ್ಟರು ಉಪದೇಶ ಮಾಡಲಿಲ್ಲ. ಚಹಾ ಕುಡಿದರು, ಮಳೆಯ ಮಾತು, ಜೋಳದ ರೇಟಿನ ಮಾತು ಆಡಿದರು. ಆಮೇಲೆ ಹುಡುಗನ ಅರ್ಧವಾರ್ಷಿಕ ಪರೀಕ್ಷೆಯ ಗಣಿತದ ಉತ್ತರ ಪತ್ರಿಕೆಯನ್ನು ಚೀಲದಿಂದ ತೆಗೆದು ಅಪ್ಪನ ಕೈಗಿಟ್ಟರು. ಅಪ್ಪನಿಗೆ ಓದು ಬರುವುದಿಲ್ಲ, ಆದರೆ ಕೆಂಪು ಶಾಯಿಯ ಸರಿ ಗುರುತುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದ. ಹಾಳೆ ತಿರುವಿದ. ಮತ್ತೆ ಮೊದಲಿನಿಂದ ನೋಡಿದ. ಕೊನೆಗೆ ಹೆಂಡತಿಯ ಕಡೆ ತಿರುಗಿ, ಇವ್ನು ಅಜ್ಜಿ ತಾವ ಇರ್ಲಿ ಬಿಡು ಎಂದ. ಅಷ್ಟೇ. ಆ ಹುಡುಗನ ವರ್ಷ ಉಳಿಯಿತು.

ಮರುದಿನ ಅದೇ ಶಾಲೆಯಲ್ಲಿ ಕನ್ನಡ ಪೀರಿಯಡ್ಡು. ಪಾಠ ‘ಹಲಗಲಿ ಬೇಡರು’. 1857ರಲ್ಲಿ ಆಯುಧ ಒಪ್ಪಿಸಿರೆಂದ ಬ್ರಿಟಿಷರಿಗೆ ಎದುರಾಗಿ ನಿಂತ ಹಲಗಲಿಯ ಬೇಡರ ಲಾವಣಿ ಅದು. ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರ ಜಗಳೂರು, ತರಗತಿಯಲ್ಲಿ ಅದೇ ಬೇಡ ಸಮುದಾಯದ ನಾಯಕರ ಮಕ್ಕಳು ಬಹಳ. ಮೇಷ್ಟರು ಲಾವಣಿಯ ಧಾಟಿಯಲ್ಲೇ ಹಾಡಿದರು. ಎರಡನೇ ಸಲ ಹಾಡುವಾಗ ಹುಡುಗರು ಡೆಸ್ಕು ತಟ್ಟಿ ತಾಳ ಹಾಕಿದರು, ಮೂರನೇ ಸಲ ಪಕ್ಕದ ಕೋಣೆಯ ಎಂಟನೇ ಕ್ಲಾಸು ಗೋಡೆಯಾಚೆಯಿಂದ ದನಿಗೂಡಿಸಿತು. ಪುಸ್ತಕದ ಪುಟದಲ್ಲಿ ತಮ್ಮ ಹಿರೀಕರು ಇದ್ದಾರೆ ಎಂದು ಕಂಡ ಮಕ್ಕಳ ಬೆನ್ನು ನೆಟ್ಟಗಾಗುವುದನ್ನು ನಾನು ಕಣ್ಣಾರೆ ಕಂಡೆ. ಪಠ್ಯಪುಸ್ತಕದಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಇಂಥ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡಬೇಕು.

ಮಧ್ಯಾಹ್ನ ಊಟಕ್ಕೆ ಸಾಲು ಕೂತಾಗ ಒಬ್ಬ ಹುಡುಗ ಕೊಂಡುಕುರಿಯನ್ನು ನೋಡಿದ್ದೇನೆ ಎಂದ. ರಂಗಯ್ಯನದುರ್ಗದ ಕಾಡು ಹತ್ತಿರದಲ್ಲೇ ಇದೆ, 2011ರಲ್ಲಿ ಕೊಂಡುಕುರಿಗಾಗಿಯೇ ಅದನ್ನು ವನ್ಯಧಾಮವೆಂದು ಘೋಷಿಸಿದರು. ನಾಲ್ಕು ಕೊಂಬಿರುವ ಕಾಡುಪ್ರಾಣಿ ಜಗತ್ತಿನಲ್ಲಿ ಅದೊಂದೇ. ಅದೂ ಗಂಡಿಗೆ ಮಾತ್ರ, ಎರಡು ಕಿವಿಗಳ ನಡುವೆ, ಎರಡು ಹಣೆಯ ಮುಂದೆ. ಹುಡುಗ ಅನ್ನ ಕಲಸುವುದನ್ನು ನಿಲ್ಲಿಸಿ ಬೆರಳುಗಳನ್ನು ತಲೆಯ ಮೇಲಿಟ್ಟು ತೋರಿಸಿದ. ಕುರಿ ಮೇಯಿಸುವಾಗ ಪೊದೆಯಿಂದ ನೆಗೆದು ಹೋಯಿತಂತೆ. ಮುಂದಿನ ಎರಡು ಕೊಂಬು ಸಣ್ಣವೋ ಹಿಂದಿನವೋ ಎಂದು ವಿಜ್ಞಾನದ ಮೇಷ್ಟರು ಕೇಳಿದರು. ಮುಂದಿನವು ಸಾರ್, ಹೆಬ್ಬೆರಳಷ್ಟು ಎಂದ. ಸರಿಯಾದ ಉತ್ತರ ಅದು. ಪುಸ್ತಕದಲ್ಲಿ ಓದಿ ಹೇಳಿದ್ದಲ್ಲ, ಕುರಿಯ ಹಿಂದೆ ತಿರುಗಿದ ಕಣ್ಣು ಹೇಳಿದ್ದು.

ಕೊನೆಯ ಪೀರಿಯಡ್ಡಿಗೆ ಗಣಿತದ ಮೇಷ್ಟರು ಹತ್ತನೇ ಕ್ಲಾಸನ್ನು ಊರ ಹೊರಗಿನ ಗಾಳಿಯಂತ್ರದ ಬಳಿಗೆ ನಡೆಸಿಕೊಂಡು ಹೋದರು. ತ್ರಿಕೋನಮಿತಿಯ ಅನ್ವಯಗಳು ಎಂಬ ಪಾಠ, ಎತ್ತರ ಮತ್ತು ದೂರದ ಲೆಕ್ಕ. ಮಕ್ಕಳ ಕೈಯಲ್ಲಿ ಅವರೇ ಮಾಡಿಕೊಂಡ ಸಲಕರಣೆ: ಕೋನಮಾಪಕಕ್ಕೆ ಅಂಟಿಸಿದ ಸ್ಟ್ರಾ, ನಡುವಿನಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಕಲ್ಲು. ಒಬ್ಬಳು ಸ್ಟ್ರಾದ ತೂತಿನಲ್ಲಿ ಒಂದು ಕಣ್ಣು ಮುಚ್ಚಿ ರೆಕ್ಕೆಗಳು ಕೂಡುವ ಗುಂಬವನ್ನು ನೋಡಿದಳು, ಇನ್ನೊಬ್ಬಳು ದಾರ ಯಾವ ಗೆರೆಯ ಮೇಲಿದೆಯೆಂದು ಓದಿದಳು. ನಲವತ್ತೈದು ಡಿಗ್ರಿ ಆಗುವವರೆಗೆ ಇಬ್ಬರೂ ಹೊಲದ ಬದುವಿನ ಮೇಲೆ ಹಿಂದೆ ಸರಿಯುತ್ತ ಹೋದರು. ನಿಂತ ಜಾಗಕ್ಕೆ ಗೂಟ ಬಡಿದು, ಹತ್ತು ಮೀಟರಿಗೊಂದು ಗಂಟು ಹಾಕಿದ ಹಗ್ಗದಿಂದ ಕಂಬದ ಬುಡದವರೆಗೆ ಅಳೆದರು. ನಲವತ್ತೈದರ ಟ್ಯಾನ್ ಬೆಲೆ ಒಂದು, ಹಾಗಾಗಿ ದೂರ ಎಷ್ಟೋ ಎತ್ತರವೂ ಅಷ್ಟೇ. ಎಪ್ಪತ್ತು ಮೀಟರಿನ ಮೇಲೆ ಬಂತು. ಹುಡುಗರು ಕೂಗಿ ಚಪ್ಪಾಳೆ ತಟ್ಟುವಷ್ಟರಲ್ಲಿ ಸ್ಟ್ರಾ ಹಿಡಿದಿದ್ದ ಹುಡುಗಿ ತಡೆದಳು. ನಾನು ನೋಡಿದ್ದು ನನ್ನ ಕಣ್ಣಿಂದ, ನೆಲದಿಂದಲ್ಲ, ನನ್ನ ಕಣ್ಣಿನ ಎತ್ತರ ಕೂಡಿಸಬೇಕು ಎಂದಳು. ಮೇಷ್ಟರ ಮುಖ ಅರಳಿತು. ಹಗ್ಗ ಹಿಡಿದು ಅವಳನ್ನೂ ಅಳೆದು ಕೂಡಿಸಿದರು.

ಇಷ್ಟು ವರ್ಷ ಈ ಯಂತ್ರಗಳ ಕೆಳಗೆ ಕುರಿ ಕಾಯ್ದ ಮಕ್ಕಳು ಅವರು. ಕಂಪನಿಯವರು ಬಂದು ನೆಟ್ಟ, ಕರೆಂಟು ಎಲ್ಲಿಗೋ ಹೋಗುವ ಆ ಕಂಬ ಎಷ್ಟು ಎತ್ತರವೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಇವತ್ತು ಯಾರನ್ನೂ ಕೇಳದೆ ತಾವೇ ತಿಳಿದುಕೊಂಡರು.

ವಾಪಸು ಬರುವಾಗ ಕೊಂಡುಕುರಿಯ ಹುಡುಗ ಮೇಷ್ಟರ ಪಕ್ಕಕ್ಕೆ ಬಂದು ರಂಗಯ್ಯನದುರ್ಗದ ಗುಡ್ಡ ತೋರಿಸಿದ. ಅದನ್ನೂ ಅಳೀಬೌದಾ ಸಾರ್ ಎಂದ. ಅದರ ಬುಡಕ್ಕೆ ಹಗ್ಗ ಹಿಡಿದು ಹೋಗೋಕಾಗಲ್ಲವಲ್ಲ, ಶಿಖರದ ನೇರಕ್ಕೆ ಕೆಳಗೆ ನೆಲ ಎಲ್ಲಿದೆ ಅಂತ ಯಾರಿಗೆ ಗೊತ್ತು ಎಂದು ಇನ್ನೊಬ್ಬ ವಾದಿಸಿದ. ಎರಡು ಕಡೆ ನಿಂತು ಎರಡು ಕೋನ ತೆಗೆದುಕೊಂಡರೆ ಆಗುತ್ತೆ, ನಡುವಿನ ದೂರ ಗೊತ್ತಿದ್ದರೆ ಸಾಕು ಎಂದಳು ಸ್ಟ್ರಾದ ಹುಡುಗಿ. ಆಗಲ್ಲ, ಆಗುತ್ತೆ ಎಂದು ಜಗಳವೇ ಹತ್ತಿತು. ಮೇಷ್ಟರು ಬಾಯಿ ಬಿಡಲಿಲ್ಲ. ಒಬ್ಬ ಅಲ್ಲೇ ರಸ್ತೆಯ ಮಣ್ಣಿನ ಮೇಲೆ ಕಡ್ಡಿಯಿಂದ ಎರಡು ತ್ರಿಭುಜ ಬರೆದ, ಉಳಿದವರು ಚೀಲ ಕೆಳಗಿಟ್ಟು ಸುತ್ತ ಕುಕ್ಕರಗಾಲಲ್ಲಿ ಕೂತರು. ಐದರ ಬಸ್ಸು ಹಾರ್ನ್ ಹೊಡೆಯುತ್ತ ಬಂತು, ಇನ್ನೊಂದು ಐದೂಮುಕ್ಕಾಲಿಗೆ ಐತೆ ಎಂದು ಒಬ್ಬ ತಲೆಯೆತ್ತದೆ ಕೈಬೀಸಿ ಅದನ್ನು ಕಳಿಸಿಬಿಟ್ಟ.